ನಾಯಿ ಜೊತೆ ಗುಡ್ಡ ಹತ್ತೋಕೆ ಒಳ್ಳೇ ಹೋಂಸ್ಟೇ

ಜನವರಿಯಲ್ಲಿ ಮೂಡಿಗೆರೆ ಹತ್ತಿರದ ಒಂದು ಹೋಂಸ್ಟೇಗೆ ಹೋಗಿದ್ದೆವು, ನಾಯಿಗೂ ಜಾಗ ಕೊಡುತ್ತಾರೆ ಅನ್ನೋದೇ ಮುಖ್ಯ ಕಾರಣ. ಕಾಫಿ ತೋಟದ ಹಿಂದೆಯೇ ಸಣ್ಣ ಗುಡ್ಡ. ಅಮ್ಮ ಕೂಡ ಅಲ್ಲಲ್ಲಿ ಕೂತು ಆರಾಮಾಗಿ ಹತ್ತಿದರು. ಕಣದಲ್ಲಿ ಒಣಗಲು ಹರಡಿದ್ದ ಕಾಫಿ ಹಣ್ಣಿನ ಮೇಲೆ ನಮ್ಮ ನಾಯಿ ರಾಜ ಒಂದು ಸುತ್ತು ಓಡಿಬಿಟ್ಟ, ಮನೆಯವರು ಬೈಯಲಿಲ್ಲ, ನಕ್ಕರು. ಮಳೆಗಾಲದ ಜಿಗಣೆ ಕಾಟ ಜನವರಿಯಲ್ಲಿ ಇರಲಿಲ್ಲ. ಆದರೆ ಉಣುಗು ಜಾಸ್ತಿ, ಮಲೆನಾಡಲ್ಲಿ ಮಂಗನ ಕಾಯಿಲೆ ಹರಡೋದೇ ಉಣುಗಿನಿಂದ, ಹಾಗಾಗಿ ವಾಪಸ್ ಬಂದ ತಕ್ಷಣ ನಾಯಿಯ ಕಿವಿ ಹಿಂದೆ, ಬೆರಳ ಸಂದಿಯಲ್ಲಿ ಹುಡುಕಿ. ನಮಗೆ ಮೂರು ಸಿಕ್ಕವು. ಇದನ್ನು ಅವರೇ ಮೊದಲು ಹೇಳಬೇಕಿತ್ತು ಅಲ್ವಾ? ಕಡುಬು, ಕೋಳಿ ಸಾರು ಸೂಪರ್. ಬಿಸಿನೀರು ಮಾತ್ರ ಬೆಳಿಗ್ಗೆ ಎಂಟರ ಮೇಲೇ.