ಎಲ್ಲ ಒಂದರಲ್ಲೇ ಇರುವ ಸ್ಟ್ರೀಮಿಂಗ್ ಸೆಟ್ಟಾ, ಬೇರೆ ಬೇರೆ ಪೆಟ್ಟಿಗೆಗಳಾ?

ದುಬಾರಿ ಆಡಿಯೊ ಕೊಳ್ಳುವಾಗ ಧ್ವನಿ ಕೇಳಿ ನೋಡುತ್ತೇವೆ. ಫರ್ಮ್‌ವೇರ್, ಅಂದರೆ ಸೆಟ್ ಒಳಗೇ ಇದ್ದು ಅದನ್ನು ನಡೆಸುವ ಸಾಫ್ಟ್‌ವೇರ್ ಬಗ್ಗೆ ವಿಚಾರಿಸುವುದೇ ಇಲ್ಲ, ಅಲ್ವಾ?

ಎಲ್ಲ ಒಂದರಲ್ಲೇ ಇದ್ದರೆ ವೈರು ಕಡಿಮೆ, ಜಾಗವೂ ಕಡಿಮೆ. ಆದರೆ ಒಂದು ಅಪ್‌ಡೇಟ್ ಕೆಟ್ಟರೆ ಇಡೀ ಸೆಟ್ ಮೂಕವಾಗಬಹುದು. 2025ರ ಮಾರ್ಚ್‌ನಲ್ಲಿ ಸ್ಯಾಮ್‌ಸಂಗ್‌ನ ಕ್ಯೂ990ಡಿ ಸೌಂಡ್‌ಬಾರ್‌ಗೆ ಹೀಗೇ ಆಯಿತು. ಅಪ್‌ಡೇಟ್ ಆದ ಮೇಲೆ ಹಲವರ ಸೆಟ್ ಕೆಲಸ ನಿಲ್ಲಿಸಿತು. ರೀಸೆಟ್ ಮಾಡಿದರೂ ಜಗ್ಗಲಿಲ್ಲ, ರಿಪೇರಿಗೇ ಕಳಿಸಬೇಕಾಯಿತು. ಅದಕ್ಕೂ ಮೊದಲು, 2024ರ ಮೇನಲ್ಲಿ ಸ್ಪೀಕರ್ ಕಂಪನಿ ಸೋನೋಸ್ ಹೊಸ ಆ್ಯಪ್ ತಂದಾಗ ಸ್ಲೀಪ್ ಟೈಮರ್‌ನಂಥ ಸೌಲಭ್ಯಗಳೇ ಮಾಯವಾಗಿದ್ದವು. ಕಂಪನಿಯ ಮುಖ್ಯಸ್ಥರೇ ಕ್ಷಮೆ ಕೇಳಿದರು.

ಬೇರೆ ಬೇರೆ ಪೆಟ್ಟಿಗೆಗಳಾದರೆ, ನೆಟ್‌ವರ್ಕ್ ಇಲ್ಲದ ಸಾದಾ ಆಂಪ್ಲಿಫೈಯರ್ ರಾತ್ರೋರಾತ್ರಿ ಬದಲಾಗುವುದಿಲ್ಲ. ಅದರ ಜೊತೆಗಿನ ಸ್ಟ್ರೀಮರ್ (ಇಂಟರ್ನೆಟ್‌ನಿಂದ ಹಾಡು ತರುವ ಪೆಟ್ಟಿಗೆ) ಕೈಕೊಟ್ಟರೂ ಸಿಡಿ ಹಾಕಿ ಕೇಳಬಹುದು. ಬೇಗ ಹಳತಾಗುವುದೂ ಸ್ಟ್ರೀಮರ್ರೇ, ಅದೊಂದನ್ನೇ ಬದಲಿಸಿದರೆ ಸಾಕು. ಖರ್ಚು, ವೈರು ಜಾಸ್ತಿ, ನಿಜ. ಆದರೂ ಹತ್ತಾರು ವರ್ಷ ಸಂಗೀತ ಕೇಳುವ ಮನೆಗೆ ನನ್ನ ಆಯ್ಕೆ ಇದೇ.

ಟಿವಿಗೆ ಡಾಲ್ಬಿ ಅಟ್ಮಾಸ್ (ಸುತ್ತಲಿಂದಲೂ ಮೇಲಿಂದಲೂ ಕೇಳಿಸುವ ಧ್ವನಿ) ಬೇಕೇಬೇಕಾದರೆ ಸೌಂಡ್‌ಬಾರ್ ಅಥವಾ ಎವಿ ರಿಸೀವರ್ (ಟಿವಿಯ ಧ್ವನಿಯನ್ನು ಹಲವು ಸ್ಪೀಕರ್‌ಗಳಿಗೆ ಹಂಚುವ ಪೆಟ್ಟಿಗೆ) ತಪ್ಪದು. ಆಗ ಅಂಗಡಿಯಲ್ಲೇ ಕೇಳಿ: ಆಟೊ ಅಪ್‌ಡೇಟ್ ನಿಲ್ಲಿಸಬಹುದಾ? ಯುಎಸ್‌ಬಿಯಿಂದ ಫರ್ಮ್‌ವೇರ್ ಹಾಕಬಹುದಾ? ಅಪ್‌ಡೇಟ್ ನಡುವೆ ಕರೆಂಟ್ ಹೋದರೂ ಸೆಟ್ ಕೆಡಬಹುದು, ಆದ್ದರಿಂದ ಯುಪಿಎಸ್‌ಗೆ ಸಿಕ್ಕಿಸಿಯೇ ಮಾಡಿ.