ಹಿತ್ತಿಲ ಪತಂಗದ ಪೆಟ್ಟಿಗೆ: ಐದು ಬೇಸಿಗೆ ಬಳಸಿದ ಮೇಲೆ

ಇಂಗ್ಲೆಂಡಿನ ರೆಡಿಂಗ್‌ನಲ್ಲಿ ನಮ್ಮದು ಹತ್ತು ಹೆಜ್ಜೆ ಉದ್ದದ ಹಿತ್ತಿಲು. ರಾತ್ರಿ ದೀಪಕ್ಕೆ ಬರುವ ಪತಂಗಗಳನ್ನು ಹಿಡಿಯುವ ಈ ಪೆಟ್ಟಿಗೆಯನ್ನು ಅಲ್ಲಿ ಇಟ್ಟು ಐದು ಬೇಸಿಗೆಯಾಯಿತು. 2021ರಲ್ಲಿ ಇದಕ್ಕೆ ಇನ್ನೂರು ಪೌಂಡಿಗೆ ತುಸು ಕಡಿಮೆ ಕೊಟ್ಟೆ. ‘ಹುಳ ಹಿಡಿದು, ಎಣಿಸಿ, ಮತ್ತೆ ಬಿಡುವುದಕ್ಕೆ ಇಷ್ಟು ದುಡ್ಡೇ?’ ಎಂದು ಹೆಂಡತಿ ಕೇಳಿದ ಪ್ರಶ್ನೆಗೆ ಇವತ್ತಿಗೂ ನನ್ನಲ್ಲಿ ಸರಿಯಾದ ಉತ್ತರವಿಲ್ಲ.

ಬೆಳಕಿನ ಬಲೆ ಎಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಹೊಲದಲ್ಲಿ ಉರಿಯುವ ಬಲ್ಬು, ಅದರ ಕೆಳಗೆ ಸೀಮೆಎಣ್ಣೆ ಬೆರೆಸಿದ ನೀರಿನ ಬುಟ್ಟಿ. ಇದು ಆ ಜಾತಿಯದಲ್ಲ, ಇದು ಯಾವುದನ್ನೂ ಕೊಲ್ಲುವುದಿಲ್ಲ. ಸ್ಕಿನ್ನರ್ ಮಾದರಿ ಎನ್ನುತ್ತಾರೆ. ಪ್ಲೈವುಡ್ ಪೆಟ್ಟಿಗೆ, ಅದರ ಮೇಲೆ ಒಳಕ್ಕೆ ಇಳಿಜಾರಾದ ಎರಡು ಪಾರದರ್ಶಕ ಹಾಳೆ, ಹಾಳೆಗಳ ನಡುವೆ ಎರಡು ಬೆರಳಿನಷ್ಟು ಸಂದು, ಸಂದಿನ ನೆತ್ತಿಗೆ ಇಪ್ಪತ್ತು ವ್ಯಾಟಿನ ಆಕ್ಟಿನಿಕ್ ದೀಪ, ಅಂದರೆ ಅತಿನೇರಳೆ ಕಿರಣವನ್ನೂ ಬೀರುವ ದೀಪ. ಬೆಳಕಿಗೆ ಬಂದ ಪತಂಗ ಹಾಳೆಗೆ ಬಡಿದು, ಜಾರಿ, ಸಂದಿನಿಂದ ಒಳಗೆ ಬೀಳುತ್ತದೆ. ಪೆಟ್ಟಿಗೆಯ ತಳದಲ್ಲಿ ಮೊಟ್ಟೆ ಇಡುವ ರಟ್ಟಿನ ತಟ್ಟೆಗಳನ್ನು ಜೋಡಿಸಿಟ್ಟರೆ ಅವುಗಳ ಕುಳಿಗಳಲ್ಲಿ ಬೆಳಗಿನವರೆಗೆ ಮುದುಡಿ ಕೂತಿರುತ್ತದೆ.

ಕೊಳ್ಳುವವರು ನಿಜವಾಗಿ ತಿಳಿಯಬೇಕಾದದ್ದು ಆಗಸ್ಟ್ ಕೊನೆಯ ಬೆಳಗಿನ ಕಥೆ. ಜೂನ್‌ನಲ್ಲಿ ಇಲ್ಲಿ ರಾತ್ರಿಯೇ ಗಿಡ್ಡ. ಆಗಸ್ಟ್ ಕೊನೆಗೆ ಎಂಟರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ, ಮೋಡ ಕವಿದ ಸೆಕೆಯ ರಾತ್ರಿಗಳೂ ಸಿಗುತ್ತವೆ. ಅಂಥ ರಾತ್ರಿ ಕಳೆದು ಆರು ಗಂಟೆಗೆ ಚಹದ ಲೋಟ ಹಿಡಿದು ಹೋದರೆ ಪೆಟ್ಟಿಗೆಯೊಳಗಿನ ಸದ್ದು ಬಾಗಿಲಲ್ಲೇ ಕೇಳಿಸುತ್ತದೆ. ಒಣ ಎಲೆಗಳನ್ನು ಚೀಲದಲ್ಲಿ ಹಾಕಿ ಅಲುಗಿಸಿದ ಹಾಗೆ. ಅದು ಲಾರ್ಜ್ ಯೆಲ್ಲೋ ಅಂಡರ್‌ವಿಂಗ್ ಎಂಬ ಪತಂಗ. ಮೇಲಿನ ರೆಕ್ಕೆ ಕಂದು, ಕೆಳಗಿನದು ಕಪ್ಪು ಅಂಚಿನ ಅರಿಸಿನ. ಹುಚ್ಚು ಕುದುರೆಯಂತೆ ಓಡಾಡಿ ತಾನೂ ಕೂರದು, ಪಕ್ಕದವರನ್ನೂ ಕೂರಗೊಡದು. ಒಂದೇ ಬೆಳಗ್ಗೆ ನೂರಾ ಮೂವತ್ತೆಂಟು ಎಣಿಸಿದ್ದೇನೆ. ಒಂದು ತಟ್ಟೆ ಎತ್ತಿದರೆ ಹತ್ತು ಮುಖಕ್ಕೆ ಹಾರುತ್ತವೆ, ಎರಡು ಅಂಗಿಯ ತೋಳಿನೊಳಗೆ ನುಗ್ಗುತ್ತವೆ.

ಇಲ್ಲಿ ಸ್ಕಿನ್ನರ್ ವಿನ್ಯಾಸದ ಜಾಣತನ ಗೊತ್ತಾಗುತ್ತದೆ. ಒಂದು ಕಡೆಯ ಹಾಳೆಯನ್ನು ಮಾತ್ರ ಜಾರಿಸಿ ತಟ್ಟೆಗಳನ್ನು ಒಂದೊಂದಾಗಿ ಎತ್ತಬಹುದು, ಉಳಿದವು ನೆರಳಿನಲ್ಲಿ ಸುಮ್ಮನಿರುತ್ತವೆ. ತಟ್ಟೆಯ ಮೂಲೆಯಲ್ಲಿ ಸಿಟೇಶಸ್ ಹೀಬ್ರೂ ಕ್ಯಾರೆಕ್ಟರ್ ಎಂಬ ಪತಂಗ ಕೂತಿರುತ್ತದೆ. ರೆಕ್ಕೆಯ ಮೇಲೆ ಹೀಬ್ರೂ ಲಿಪಿಯ ‘ನುನ್’ ಅಕ್ಷರವನ್ನು ಯಾರೋ ಮಸಿಯಲ್ಲಿ ಬರೆದಂತಿರುವುದರಿಂದ ಆ ಹೆಸರು. ಕಾಮನ್ ರಸ್ಟಿಕ್ ಬಂದರೆ ಮಾತ್ರ ಕೈಚೆಲ್ಲಬೇಕು. ಅದನ್ನೂ ಅದರ ಹತ್ತಿರದ ಸಂಬಂಧಿಯನ್ನೂ ಜನನಾಂಗ ಬಿಡಿಸಿ ನೋಡದೆ ಬೇರ್ಪಡಿಸಲಾಗದು. ನಾನು ಕೊಯ್ಯುವವನಲ್ಲ, ‘ಗುಂಪು’ ಎಂದು ಬರೆದು ಮುಂದೆ ಹೋಗುತ್ತೇನೆ. ಹೆಸರು, ಎಣಿಕೆ, ರಾತ್ರಿಯ ಕನಿಷ್ಠ ತಾಪ ಇಷ್ಟು ಪುಸ್ತಕಕ್ಕೆ. ಅನುಮಾನದ್ದನ್ನು ಸಣ್ಣ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಫೋಟೋಗೆ ಮಿಸುಕದೆ ಕೂರುತ್ತದೆ. ಆ ಡಬ್ಬಿ ಮೊಸರಿನ ಪಕ್ಕ ಇರಬಾರದು ಎಂಬುದು ಮನೆಯ ಕಾನೂನು.

ಇನ್ನು ದೂರುಗಳು. ಮಾರಿದವರು ಮೊದಲ ಸಲ ಕಳಿಸಿದ ದೀಪವೇ ತಪ್ಪು. ತಿಳಿನೀಲಿಯಾಗಿ ಉರಿಯುವ ಆಕ್ಟಿನಿಕ್ ಕೇಳಿದ್ದೆ, ಬಂದದ್ದು ಕಪ್ಪು ಗಾಜಿನ ನೇರಳೆ ದೀಪ. ಬದಲಾಯಿಸಿಕೊಡಲು ಆರು ವಾರ ಹಿಡಿದರು. ಅಷ್ಟರಲ್ಲಿ ಪಕ್ಕದ ಮನೆಯ ಅಜ್ಜಿ ನಾನು ಗಾಂಜಾ ಬೆಳೆಯುತ್ತಿದ್ದೇನೆಂದು ನಂಬಿಯಾಗಿತ್ತು. ಎರಡನೇ ಚಳಿಗಾಲಕ್ಕೆ ಪ್ಲೈವುಡ್ಡಿನ ಅಂಚು ನೀರು ಕುಡಿದು ಪದರ ಬಿಟ್ಟುಕೊಂಡಿತು. ದೋಣಿಗೆ ಬಳಿಯುವ ವಾರ್ನಿಷ್ ಎರಡು ಕೈ ಹೊಡೆದ ಮೇಲೆ ನಿಂತಿದೆ, ಕಾರ್ಖಾನೆಯಲ್ಲೇ ಅದನ್ನು ಬಳಿಯಲು ಏನು ಕಷ್ಟವೋ ಕಾಣೆ. ದೀಪ ಹೊರನೋಟಕ್ಕೆ ಚೆನ್ನಾಗಿಯೇ ಉರಿಯುತ್ತಿದ್ದರೂ ಅತಿನೇರಳೆ ಕಿರಣ ವರ್ಷದಿಂದ ವರ್ಷಕ್ಕೆ ಕುಗ್ಗುತ್ತದೆ. ಪ್ರತಿ ಮಾರ್ಚ್‌ನಲ್ಲಿ ಹೊಸದು ಹಾಕಬೇಕು, ಆ ಖರ್ಚನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ.

ಸೆಪ್ಟೆಂಬರ್ ಹತ್ತಿರವಾದಂತೆ ಹಾರ್ನೆಟ್ ಎಂಬ ದೊಡ್ಡ ಕಣಜಗಳು ರಾತ್ರಿಯೇ ಒಳಗೆ ಇಳಿಯುತ್ತವೆ. ಬೆಳಗ್ಗೆ ತಳದಲ್ಲಿ ದೇಹವಿಲ್ಲದ ರೆಕ್ಕೆಗಳು ಸಿಕ್ಕರೆ ಅವುಗಳದೇ ಕೆಲಸ. ಅದಕ್ಕೆ ಪೆಟ್ಟಿಗೆಯಲ್ಲಿ ಯಾವ ಉಪಾಯವೂ ಇಲ್ಲ. ರಾಬಿನ್ ಹಕ್ಕಿಯದು ಇನ್ನೊಂದು ಕಾಟ. ಎಣಿಕೆ ಮುಗಿಸಿ ಅಲ್ಲೇ ಬಿಟ್ಟರೆ ಅದಕ್ಕೆ ತಟ್ಟೆ ಹಾಕಿ ಬಡಿಸಿದಂತೆ. ಹಾಗಾಗಿ ದಿನವೆಲ್ಲ ನೆರಳಿನಲ್ಲಿಟ್ಟು, ಕತ್ತಲಾದ ಮೇಲೆ ಬೇಲಿಯ ದಟ್ಟ ಪೊದೆಯೊಳಗೆ ಬಿಡುತ್ತೇನೆ.

ದೊಡ್ಡದನ್ನು ಏಕೆ ಕೊಳ್ಳಲಿಲ್ಲ ಎಂದು ಕೇಳುವವರಿದ್ದಾರೆ. ರಾಬಿನ್ಸನ್ ಮಾದರಿಯ ದುಂಡು ಬಲೆಗೆ 125 ವ್ಯಾಟಿನ ಪಾದರಸ ದೀಪ ಹಾಕಿದರೆ ಇದರ ಹಲವು ಪಟ್ಟು ಪತಂಗ ಬರುತ್ತವೆ, ಒಳಗೆ ಬಂದವು ತಪ್ಪಿಸಿಕೊಳ್ಳುವುದೂ ಕಡಿಮೆ. ನನ್ನ ಪೆಟ್ಟಿಗೆಯ ಸಂದಿನಿಂದ ನಸುಕಿನಲ್ಲಿ ಸಾಕಷ್ಟು ಪಾರಾಗುವುದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಪಾದರಸ ದೀಪಕ್ಕೆ ಚೋಕ್ ಬೇಕು, ಕಾದ ಗಾಜಿಗೆ ಮಳೆಹನಿ ಬಿದ್ದರೆ ಸಿಡಿಯುತ್ತದೆ, ಬೆಳಕು ಮೂರು ಮನೆಯ ಮಲಗುವ ಕೋಣೆಗೆ ನುಗ್ಗುತ್ತದೆ. ಸಾಮಾನ್ಯ ಬಳಕೆಗೆ ಆ ದೀಪಗಳ ಮಾರಾಟವನ್ನು ಐರೋಪ್ಯ ಒಕ್ಕೂಟ 2015ರಲ್ಲೇ ನಿಲ್ಲಿಸಿತು. ನನ್ನದು ಒಂಬತ್ತು ಗಂಟೆ ಉರಿದರೂ ಯೂನಿಟ್ಟಿನ ಐದನೇ ಒಂದು ಭಾಗವೂ ತಿನ್ನದು.

ಇನ್ನೂ ಮುಖ್ಯವಾದ ಕಾರಣ ಬೇರೆ. ಹಿತ್ತಿಲ ಪತಂಗಗಳ ಲೆಕ್ಕ ಕೂಡಿಸುವ ಗಾರ್ಡನ್ ಮಾತ್ ಸ್ಕೀಮ್ ಎಂಬ ಯೋಜನೆಗೆ ನಾನು ಮಾರ್ಚ್‌ನಿಂದ ನವೆಂಬರ್‌ವರೆಗೆ ವಾರಕ್ಕೊಂದು ರಾತ್ರಿ, ಸಾಮಾನ್ಯವಾಗಿ ಶುಕ್ರವಾರ, ದೀಪ ಹಚ್ಚಿ ಲೆಕ್ಕ ಕಳಿಸುತ್ತೇನೆ. ಅಲ್ಲಿ ಬೆಲೆಯಿರುವುದು ಹೆಚ್ಚು ಹಿಡಿದವನಿಗಲ್ಲ, ಅದೇ ಬಲೆಯನ್ನು ಅದೇ ಜಾಗದಲ್ಲಿ ಇಟ್ಟವನಿಗೆ. ಒಂದೂ ಬಾರದ ರಾತ್ರಿಯ ಸೊನ್ನೆಯನ್ನೂ ಬರೆಯಬೇಕು. ನಡುವೆ ಬಲೆ ಬದಲಿಸಿದರೆ ಹೆಚ್ಚಿದ್ದು ಪತಂಗವೋ ದೀಪವೋ ಹೇಳುವವರು ಯಾರು? ಈ ಪೆಟ್ಟಿಗೆ ಸೋರಿದರೂ ಐದು ವರ್ಷ ಒಂದೇ ರೀತಿ ಸೋರಿದೆ. ನಾನು ಇದಕ್ಕೆ ಐದರಲ್ಲಿ ನಾಲ್ಕು ಅಂಕ ಕೊಡುತ್ತಿರುವುದು ಅದಕ್ಕೇ. ಕಳೆದ ಒಂದು ಅಂಕ ವಾರ್ನಿಷ್ಷಿನದು.

ಕಳೆದ ವರ್ಷ ಸೆಪ್ಟೆಂಬರ್ ಮೊದಲ ವಾರ, ದಕ್ಷಿಣದಿಂದ ಬೆಚ್ಚನೆ ಗಾಳಿ ಬೀಸಿದ ರಾತ್ರಿಯ ಮಾರನೆಯ ಬೆಳಗ್ಗೆ, ಕೊನೆಯ ತಟ್ಟೆಯ ಕೆಳಗೆ ಒಣಹುಲ್ಲಿನ ಬಣ್ಣದ ದಪ್ಪ ಪತಂಗವೊಂದು ಕೂತಿತ್ತು. ರೆಕ್ಕೆಯ ನಡುವೆ ಮಸುಕು ಮೂತ್ರಪಿಂಡದಂಥ ಗುರುತು. ಪುಸ್ತಕ ತೆರೆದರೆ ಸ್ಕೇರ್ಸ್ ಬಾರ್ಡರ್ಡ್ ಸ್ಟ್ರಾ, ವಲಸೆ ಬರುವ ಅತಿಥಿ. ಫೋಟೋ ತೆಗೆದು ನಮ್ಮ ಕೌಂಟಿಯ, ಅಂದರೆ ಜಿಲ್ಲೆಯ, ಪತಂಗ ದಾಖಲೆಗಾರರಿಗೆ ಕಳಿಸಿದೆ, ಸಂಜೆಯೊಳಗೆ ಒಪ್ಪಿಗೆ ಬಂತು. ಖುಷಿಯಲ್ಲಿ ವೈಜ್ಞಾನಿಕ ಹೆಸರನ್ನು ಆಮೇಲೆ ಓದಿದೆ: ಹೆಲಿಕೋವರ್ಪಾ ಆರ್ಮಿಜೆರಾ. ನಮ್ಮ ಕಲಬುರಗಿಯ ತೊಗರಿಯ ಕಾಯಿಕೊರಕ! ಸಾಲುಗಳ ನಡುವೆ ಹಾಳೆ ಎಳೆದು, ಗಿಡ ಅಲುಗಿಸಿ, ಉದುರಿದ ಕೀಡೆಗಳನ್ನು ಚಿಕ್ಕವನಿದ್ದಾಗ ನಾನೇ ಆರಿಸಿದ್ದೇನೆ. ಆದರೆ ಆಗ ಕಂಡದ್ದೆಲ್ಲ ಹಸಿರು ಹುಳು, ಅದರ ಪತಂಗದ ಮುಖ ನೋಡಿರಲೇ ಇಲ್ಲ.

ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: ‘ಹಿಡಿದು ಏನು ಮಾಡಿದೆ?’

‘ಬರೆದುಕೊಂಡು ಬಿಟ್ಟೆ ಅಪ್ಪ.’

‘ಬಿಟ್ಟೆಯಾ?’

ಈಗ ಶನಿವಾರ ಬೆಳಗ್ಗೆ ಅವರೇ ಫೋನ್ ಮಾಡುತ್ತಾರೆ, ನಮ್ಮ ಕೀಡೆ ಮತ್ತೆ ಬಂತೇ ಎಂದು ಕೇಳಲು. ಈ ವರ್ಷ ಇನ್ನೂ ಬಂದಿಲ್ಲ.