ಆಲ್ದೂರು ರಸ್ತೆಯಲ್ಲಿ ಹಾಡುಗಾರ ಎದ್ದು ಹೋದ: ಸ್ಪೇಷಿಯಲ್ ಆಡಿಯೊ ಇಯರ್‌ಬಡ್ಸ್ ಜೊತೆ 14 ತಿಂಗಳು

ಮೊದಲ ರಾತ್ರಿಯೇ ಗಾಬರಿ ಬಿದ್ದೆ. ಫೋನನ್ನು ದಿಂಬಿಗೆ ಒರಗಿಸಿ ಸಿನಿಮಾ ಹಾಕಿದ್ದೆ. ಮಾತೆಲ್ಲ ಫೋನಿನ ಸ್ಪೀಕರಿನಿಂದಲೇ ಬರುತ್ತಿದೆ! ಪಕ್ಕದ ಕೋಣೆಯಲ್ಲಿ ಅಮ್ಮ ಮಲಗಿದ್ದಾರೆ. ಬ್ಲೂಟೂತ್ ಕಟ್ ಆಗಿದೆ ಅಂದುಕೊಂಡು ಎರಡೂ ಬಡ್ ಕಿತ್ತು ವಾಲ್ಯೂಮ್ ಇಳಿಸಲು ಹೋದೆ. ಫೋನ್ ತೆಪ್ಪಗಿತ್ತು. ಮತ್ತೆ ಹಾಕಿಕೊಂಡೆ, ಮತ್ತೆ ಫೋನಿನಿಂದಲೇ ಮಾತು. ಹೀಗೆ ಮೂರು ಸಲ ಮಾಡಿದ ಮೇಲೆ ಒಬ್ಬನೇ ನಕ್ಕೆ.

ಸದ್ದು ಬರುವುದು ಕಿವಿಯಲ್ಲಿರುವ ಬಡ್ಡಿನಿಂದಲೇ, ಆದರೆ ಹೊರಗೆ ಒಂದು ಜಾಗದಿಂದ ಬಂದ ಹಾಗೆ ಕೇಳುತ್ತದೆ. ಸ್ಪೇಷಿಯಲ್ ಆಡಿಯೊ ಅಂದರೆ ಇದೇ. ಕಂಪನಿ ಹೆಸರು ಬರೆಯಲ್ಲ. ಸೇಲ್‌ನಲ್ಲಿ 4,800 ರೂಪಾಯಿಗೆ ತಗೊಂಡೆ. ಬ್ಯಾಟರಿ ಎಷ್ಟು ಗಂಟೆ, ಯಾವ ಬ್ಲೂಟೂತ್ ಅನ್ನೋದೆಲ್ಲ ನೀವು ಆಗಲೇ ನೋಡಿರುತ್ತೀರಿ. ನನ್ನ ವಿಷಯ ಇಷ್ಟೇ: ಮನೆ ಬೇಲೂರು, ಕೆಲಸ ಹಾಸನ. ದಿನಾ ಬಸ್ಸಿನಲ್ಲಿ ಸುಮಾರು 40 ಕಿಲೋಮೀಟರ್ ಹೋಗಿ, ಅಷ್ಟೇ ವಾಪಸ್ ಬರಬೇಕು. ಹದಿನೈದು ದಿನಕ್ಕೊಮ್ಮೆ ಆಲ್ದೂರಿನ ಹತ್ತಿರ ಅಜ್ಜಿ ಮನೆಗೆ ಹೋಗುತ್ತೇನೆ. ಹಾಗಾಗಿ ಈ ಬಡ್ಸ್ ಮನೆಗಿಂತ ಜಾಸ್ತಿ ಬಸ್ಸಿನಲ್ಲೇ ಬಾಳಿವೆ. ತೊಂದರೆ ಇರುವುದೂ ಅಲ್ಲೇ.

ಮೊದಲು ಖುಷಿಯ ಭಾಗ. ಸಂಜೆ ಮನೆಗೆ ಬಂದು ಕೈಕಾಲು ತೊಳೆದು, ಬೆಳಿಗ್ಗೆಯೇ ಇಳಿಸಿಟ್ಟ ಡಿಕಾಕ್ಷನ್ನಿಗೆ ಹಾಲು ಕಾಯಿಸುತ್ತೇನೆ. ಫೋನನ್ನು ಕಾಫಿಪುಡಿ ಡಬ್ಬಕ್ಕೆ ಒರಗಿಸುತ್ತೇನೆ. ಬಡ್ ಹಾಕಿಕೊಂಡು, ಸಿಲಿಕಾನ್ ತುದಿ ಸರಿಯಾಗಿ ಕೂರಲಿ ಅಂತ ಒಂದು ಸಲ ಬಾಯಿ ತೆರೆದು ಮುಚ್ಚುತ್ತೇನೆ. (ಅಮ್ಮನಿಗೆ ಇದು ಆಕಳಿಕೆ. ‘ಹೋಗಿ ಮಲಗೋ’ ಅನ್ನುತ್ತಾರೆ.) ಆಮೇಲೆ ಹಾಲಿನ ಕಡೆ ತಿರುಗಿದರೆ ಹಾಡು ಎಡಗಿವಿಗೆ ಜರುಗುತ್ತದೆ. ಸಿಂಕಿನ ಕಡೆ ತಿರುಗಿದರೆ ಬೆನ್ನ ಹಿಂದೆ. ಹಾಡು ಡಬ್ಬದ ಹತ್ತಿರವೇ ಇದೆ, ತಿರುಗುತ್ತಿರುವವನು ನಾನು.

ಹಾಗೆ ನೋಡಿದರೆ ಅಮ್ಮನ ರೇಡಿಯೊ ಇದನ್ನೇ ಎಷ್ಟೋ ವರ್ಷದಿಂದ ಪುಕ್ಕಟೆ ಮಾಡುತ್ತಿದೆ. ಅದೇ ಶೆಲ್ಫಿನ ಮೇಲೆ ಹಾಸನ ಆಕಾಶವಾಣಿ ಹಾಡುತ್ತಿರುತ್ತದೆ. ನಾವು ಯಾವ ಕಡೆ ತಿರುಗಿದರೂ ರೇಡಿಯೊ ಅದರ ಜಾಗದಲ್ಲೇ ಇರುತ್ತದೆ. ಮಾಮೂಲಿ ಇಯರ್‌ಫೋನಿನಲ್ಲಿ ಹಾಗಲ್ಲ, ಹಾಡು ತಲೆಯೊಳಗೇ ಕೂತು ತಲೆ ಜೊತೆಗೇ ತಿರುಗುತ್ತದೆ. ಹೊರಗೆ ಕೂತ ಹಾಗೆ ಕೇಳಿಸಬೇಕಾದರೆ ಕಿವಿಗೆ ಮೋಸ ಮಾಡಬೇಕು.

ಆ ಮೋಸ ಹೇಗೆ ಅಂತ ಓದಿದ ಮೇಲೆ ನನಗೆ ಇದರ ಮೇಲೆ ಗೌರವ ಬಂತು. ಬಲಗಡೆ ನಾಯಿ ಬೊಗಳಿದರೆ ಸದ್ದು ಬಲಗಿವಿಗೆ ಮೊದಲು ತಲುಪುತ್ತದೆ, ಎಡಗಿವಿಗೆ ಒಂದು ಚೂರು ತಡ. ಎಷ್ಟು ತಡ? ಜಾಸ್ತಿ ಅಂದರೆ ಒಂದು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ, 0.7 ಮಿಲಿಸೆಕೆಂಡಿನ ಆಸುಪಾಸು. ಜೊತೆಗೆ ತಲೆ ಅಡ್ಡ ಬರುವುದರಿಂದ ಎಡಗಿವಿಗೆ ಕೀಚಲು ಸದ್ದು ಸ್ವಲ್ಪ ಮಂಕಾಗುತ್ತದೆ. ಮೇಲೋ ಕೆಳಗೋ, ಹಿಂದೋ ಮುಂದೋ ಅನ್ನುವುದನ್ನು ಹೇಳುವುದು ಹೊರಕಿವಿಯ ಸುರುಳಿ. ಬೇರೆ ಬೇರೆ ಕಡೆಯಿಂದ ಬಂದ ಸದ್ದನ್ನು ಅದು ಬೇರೆ ಬೇರೆ ಥರ ಸೋಸುತ್ತದೆ. ಬಡ್ ಕಿವಿಯ ತೂತಿನಲ್ಲೇ ಕೂರುವುದರಿಂದ ಆ ಸುರುಳಿಗೆ ಕೆಲಸವಿಲ್ಲ. ಅದು ಮಾಡಬೇಕಾದ ಸೋಸುವಿಕೆಯನ್ನು ಸಾಫ್ಟ್‌ವೇರೇ ಲೆಕ್ಕ ಹಾಕಿ ಹಾಡಿಗೆ ಬೆರೆಸುತ್ತದೆ. ಈ ಲೆಕ್ಕಕ್ಕೆ ಎಚ್‌ಆರ್‌ಟಿಎಫ್ ಅಂತ ಹೆಸರು.

ಆದರೆ ಯಾರ ಕಿವಿಯ ಲೆಕ್ಕ? ಕಿವಿ ಒಬ್ಬೊಬ್ಬರದು ಒಂದೊಂದು ಥರ ಅಲ್ವಾ. ಆಪಲ್‌ನವರು 2022ರಿಂದ ಫೋನಿನ ಕ್ಯಾಮೆರಾದಲ್ಲಿ ನಮ್ಮದೇ ಕಿವಿಯನ್ನು ಸ್ಕ್ಯಾನ್ ಮಾಡಿಕೊಳ್ಳುವ ವ್ಯವಸ್ಥೆ ಕೊಟ್ಟಿದ್ದಾರೆ. ನನ್ನದರಲ್ಲಿ ಅದಿಲ್ಲ, ಎಲ್ಲರಿಗೂ ಒಂದೇ ಅಳತೆ. ಅದಕ್ಕೇ ಏನೋ, ನನಗೆ ಮಾತು ಫೋನಿಗಿಂತ ಒಂದು ಗೇಣು ಮೇಲಿಂದ ಬಂದ ಹಾಗೆ ಕೇಳುತ್ತದೆ. ಅಡುಗೆಮನೆಯಲ್ಲಿ ಹೀರೊ ಡೈಲಾಗ್ ಹೊಡೆದರೆ ಗೋಡೆಯ ಕ್ಯಾಲೆಂಡರ್ ಮಾತಾಡಿದ ಹಾಗಿರುತ್ತದೆ. ಒಂದು ವಾರಕ್ಕೆ ರೂಢಿಯಾಯಿತು.

ಬಸ್ಸಿನದು ಮಾತ್ರ ಇವತ್ತಿಗೂ ರೂಢಿಯಾಗಿಲ್ಲ.

ಚಿಕ್ಕಮಗಳೂರು ದಾಟಿ ಆಲ್ದೂರು ರಸ್ತೆ ಹಿಡಿದರೆ ಕಾಫಿ ತೋಟದ ನಡುವೆ ತಿರುವೋ ತಿರುವು. ಬಸ್ ಬಲಕ್ಕೆ ಹೊರಳಿತು ಅಂದರೆ ಹಾಡುಗಾರ ಎದ್ದು ಎಡಗಡೆ ಫುಟ್‌ಬೋರ್ಡ್ ಕಡೆ ಹೋಗುತ್ತಾನೆ. ಎಡಕ್ಕೆ ಹೊರಳಿದರೆ ಡ್ರೈವರ್ ಕಡೆ. ನೇರ ರಸ್ತೆ ಸಿಕ್ಕಿದ ಮೇಲೆ ನಾಲ್ಕೈದು ಸೆಕೆಂಡಿಗೆ ನಿಧಾನಕ್ಕೆ ವಾಪಸ್ ಬಂದು ಎದುರಿಗೆ ಕೂರುತ್ತಾನೆ. ಕೂತನೋ ಇಲ್ಲವೋ, ಮತ್ತೊಂದು ತಿರುವು. ಟಿಕೆಟ್ ಕೊಡುವ ಕಂಡಕ್ಟರ್ ಕೂಡ ಇಷ್ಟು ಓಡಾಡುವುದಿಲ್ಲ! ಮೊದಲ ಸಲ ಬಡ್ ಕೆಟ್ಟಿದೆ ಅಂದುಕೊಂಡೆ. ಎರಡನೇ ಸಲ ತಲೆ ಸುತ್ತಿತು. ಅಜ್ಜಿ ಮನೆ ತಲುಪಿ ನಿಂಬೆಹಣ್ಣಿನ ಪಾನಕ ಕುಡಿದ ಮೇಲೆಯೇ ಸರಿಯಾಗಿದ್ದು.

ಕಾರಣ ಸರಳ. ಬಡ್ಡಿನೊಳಗೆ ಜೈರೊಸ್ಕೋಪ್ ಅಂತ ಒಂದು ಚಿಕ್ಕ ಸೆನ್ಸರ್ ಇದೆ. ತಿರುಗಿದ್ದು ಎಷ್ಟು ಅಂತ ಮಾತ್ರ ಅದಕ್ಕೆ ಗೊತ್ತು. ತಿರುಗಿದ್ದು ನನ್ನ ಕತ್ತೋ, ಇಡೀ ಬಸ್ಸೋ ಅನ್ನುವುದು ಅದಕ್ಕೆ ತಿಳಿಯುವುದಿಲ್ಲ. ಡ್ರೈವರ್ ತಲೆ ಮೇಲೆ ಸ್ಪೀಕರ್ ಇದ್ದಿದ್ದರೆ ಅದೂ ಬಸ್ಸಿನ ಜೊತೆಗೇ ತಿರುಗುತ್ತಿತ್ತು, ಹಾಡು ಎದುರಿಗೇ ಇರುತ್ತಿತ್ತು. ಇದಕ್ಕೆ ಉಪಾಯ ಇಲ್ಲ ಅಂತಲ್ಲ. ಫೋನಿನಲ್ಲೂ ಇಂಥದ್ದೇ ಸೆನ್ಸರ್ ಇರುತ್ತದೆ. ಫೋನೂ ಬಡ್ಡೂ ಒಟ್ಟಿಗೆ ತಿರುಗಿದರೆ ತಿರುಗಿದ್ದು ಗಾಡಿ, ಬಡ್ ಮಾತ್ರ ತಿರುಗಿದರೆ ಅದು ಕತ್ತು. ಆಪಲ್ 2020ರಲ್ಲಿ ಸ್ಪೇಷಿಯಲ್ ಆಡಿಯೊ ತಂದಾಗಲೇ ಹೀಗೆ ಎರಡನ್ನೂ ಹೋಲಿಸಿ ನೋಡುವ ದಾರಿ ಹಿಡಿದಿತ್ತು. ನನ್ನ 4,800 ರೂಪಾಯಿಯ ಬಡ್ ಫೋನನ್ನು ಏನೂ ಕೇಳುವುದಿಲ್ಲ. ತನಗೆ ತೋಚಿದ್ದೇ ಸರಿ, ನಮ್ಮ ದೊಡ್ಡಮಾವನ ಥರ.

ತಲೆಯ ಚಲನೆ ಗಮನಿಸುವುದನ್ನು ಆಫ್ ಮಾಡಿ, ಸ್ಪೇಷಿಯಲ್ ಮಾತ್ರ ಇಡುವ ‘ಫಿಕ್ಸೆಡ್’ ಮೋಡ್ ಆಪ್‌ನಲ್ಲಿದೆ. ಅದನ್ನು ಹಾಕಿದರೆ ತಿರುವಿನ ಕಾಟ ಹೋಗುತ್ತದೆ. ನನಗೆ ನಿಜವಾಗಿ ಸಿಟ್ಟು ಬಂದಿದ್ದು, ಪ್ರತಿ ಅಪ್‌ಡೇಟ್ ಆದ ಮೇಲೂ ಅದು ತನ್ನಷ್ಟಕ್ಕೇ ಹಳೆ ಮೋಡಿಗೆ ಹೋಗಿ ಕೂರುವುದಕ್ಕೆ. ಬಸ್ ಹೊರಟ ಮೇಲೆ ಗೊತ್ತಾಗುತ್ತದೆ. ಒಂದು ಕೈಯಲ್ಲಿ ಕಂಬಿ, ಒಂದು ಕೈಯಲ್ಲಿ ಬ್ಯಾಗು, ಯಾವ ಕೈಯಲ್ಲಿ ಆಪ್ ತೆರೆಯೋದು? ಕಸ್ಟಮರ್ ಕೇರ್‌ಗೆ ಎರಡು ಸಲ ಬರೆದೆ. ಎರಡು ಸಲವೂ ‘ಬಡ್ಸ್ ರೀಸೆಟ್ ಮಾಡಿ’ ಅಂದರು.

ಹಳೆ ಹಾಡು ಕೇಳುವವರಿಗೆ ಇನ್ನೊಂದು ಮಾತು. ಡಾಲ್ಬಿ ಅಟ್ಮಾಸ್‌ನಲ್ಲಿ ಮಿಕ್ಸ್ ಮಾಡಿದ ಹಾಡಿನಲ್ಲಿ ಯಾವ ವಾದ್ಯ ಎಲ್ಲಿರಬೇಕು ಅನ್ನುವ ಮಾಹಿತಿ ಹಾಡಿನ ಜೊತೆಗೇ ಬರುತ್ತದೆ. ಅಂಥದ್ದು ಕೇಳಿದಾಗ ತಬಲ ಒಂದು ಮೂಲೆ, ಕೊಳಲು ಒಂದು ಮೂಲೆ ಅಂತ ಚೆನ್ನಾಗಿ ಬಿಡಿಸಿಕೊಳ್ಳುತ್ತದೆ. ಆದರೆ ನಾನು ಕೇಳುವುದು ಜಾಸ್ತಿ ಹಳೆಯ ಮೋನೊ ರೆಕಾರ್ಡಿಂಗ್‌ಗಳು, ಊರಿನ ಯಕ್ಷಗಾನದ ಮೊಬೈಲ್ ರೆಕಾರ್ಡಿಂಗ್‌ಗಳು. ಎಲ್ಲಾ ಒಂದೇ ಕಡೆ ಮುದ್ದೆಯಾಗಿದ್ದರೆ ಬಿಡಿಸಲು ಏನಿದೆ? ಸುಮ್ನೆ ಗುಂಯ್ ಅನ್ನುವ ಪ್ರತಿಧ್ವನಿ ಸೇರಿಸುತ್ತದೆ. ಖಾಲಿ ಕಲ್ಯಾಣ ಮಂಟಪದಲ್ಲಿ ಭಾಗವತರನ್ನು ಒಬ್ಬರನ್ನೇ ಕೂರಿಸಿದ ಹಾಗೆ. ಅದಕ್ಕೆ ಪೂರ್ತಿ ಆಫ್.

ಇಷ್ಟೆಲ್ಲ ಬೈದ ಮೇಲೂ ಮಾರಿಲ್ಲ. ಪರಿಚಯದವನೊಬ್ಬ 2,000 ಕೊಡುತ್ತೇನೆ ಅಂದಿದ್ದ. ಕೊಡೋಣ ಅಂತಲೇ ಭಾನುವಾರ ಹಳೆ ಬ್ರಷ್ಷಿನಲ್ಲಿ ಜಾಲರಿ ಉಜ್ಜಿ ಕ್ಲೀನ್ ಮಾಡಿದೆ. ಆ ಸಂಜೆ ಜೋರು ಮಳೆ, ಹೆಂಚಿನ ಮೇಲಿನ ಸದ್ದಿಗೆ ರೇಡಿಯೊ ಕೇಳುತ್ತಿರಲಿಲ್ಲ. ಅಮ್ಮನಿಗೆ ಫೋನಿನಲ್ಲೇ ಆಕಾಶವಾಣಿ ಹಾಕಿ ಬಡ್ ಕೊಟ್ಟೆ. ಈರುಳ್ಳಿ ಹೆಚ್ಚುತ್ತಾ ಐದು ನಿಮಿಷ ಕೇಳಿದರು. ಆಮೇಲೆ ಎದ್ದು ಹೋಗಿ ಶೆಲ್ಫಿನ ರೇಡಿಯೊದ ಗುಂಡಿ ತಿರುಗಿಸಿದರು. ‘ಆಗಿನಿಂದ ಹಾಡ್ತಾ ಇದೆ, ಸೆಲ್ ಖರ್ಚಾಗಲ್ವೇನೋ?’ ಅಂದರು. ರೇಡಿಯೊ ಮೊದಲೇ ಆಫ್ ಆಗಿತ್ತು.

ಮನೆಯಲ್ಲಿ ನಾಲ್ಕೂವರೆ ಸ್ಟಾರ್, ಬಸ್ಸಿನಲ್ಲಿ ಒಂದೂವರೆ. ಎರಡು ಕಡೆ ಹಾಕಲು ಇಲ್ಲಿ ಜಾಗ ಕೊಟ್ಟಿಲ್ಲ, ಮೂರು ಹಾಕಿದ್ದೇನೆ.